ಎಪಿಕ್ಯೂರಸನ ತೋಟದಲ್ಲಿ ಊಟಕ್ಕೆ ಏನಿತ್ತು?

ಪ್ರಶ್ನೆ: ಪದವಿ ತರಗತಿಯ ಪಠ್ಯದಲ್ಲಿ ಗ್ರೀಕ್ ತತ್ತ್ವಜ್ಞಾನಿ ಎಪಿಕ್ಯೂರಸನನ್ನು ‘ಭೋಗವಾದಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ನಮ್ಮ ಮೇಷ್ಟ್ರು ‘ಸಾಲ ಮಾಡಿಯಾದರೂ ತುಪ್ಪ ತಿನ್ನು ಎಂದ ಚಾರ್ವಾಕರ ಅಣ್ಣ ಅವನು’ ಎಂದರು. ಬೇರೆ ಕಡೆ ನೋಡಿದರೆ ಅವನು ರೊಟ್ಟಿ, ನೀರಿನಲ್ಲೇ ಬದುಕಿದ ಎಂದಿದೆ. ಯಾವುದು ನಿಜ? ಅವನ ಬದುಕು ಹೇಗಿತ್ತು, ಪ್ರಭಾವ ಎಲ್ಲೆಲ್ಲಿ ಹೋಯಿತು? ಮೊದಲು ಏನನ್ನು ಓದಬೇಕು?

ಉತ್ತರ: ರೊಟ್ಟಿ, ನೀರು ಎಂದು ನೀವು ಓದಿದ್ದೇ ಸರಿ. ಹಾಗಂತ ಪಠ್ಯದ ಮಾತನ್ನು ಪೂರ್ತಿ ಸುಳ್ಳು ಎನ್ನಲೂ ಬರುವುದಿಲ್ಲ. ಒಳ್ಳೆಯ ಬದುಕಿನ ಮೊದಲೂ ಸುಖ, ಕೊನೆಯೂ ಸುಖ ಎಂದು ಎಪಿಕ್ಯೂರಸ್ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಎಲ್ಲರೂ ಎಡವುವುದು ಆ ಸುಖದ ಅಳತೆಯಲ್ಲಿ. ನಾವು ಸುಖವನ್ನು ದುಡ್ಡಿನ ಹಾಗೆ ಎಣಿಸುತ್ತೇವೆ: ಬಂದಷ್ಟೂ ಒಳ್ಳೆಯದು, ಇನ್ನಷ್ಟು ಬಂದರೆ ಇನ್ನೂ ಒಳ್ಳೆಯದು. ಅವನ ಲೆಕ್ಕದಲ್ಲಿ ಅದು ಕೊಡಕ್ಕೆ ತುಂಬುವ ನೀರು. ಕಂಠದವರೆಗೆ ಬಂದ ಮೇಲೆ ಮತ್ತೆ ಸುರಿದರೆ ಚೆಲ್ಲುತ್ತದೆ. ನೋವೆಲ್ಲ ತೀರಿದ ಹಂತವೇ ಆ ಕಂಠ. ಅವನ ನಲವತ್ತು ‘ಮುಖ್ಯ ಸೂತ್ರ’ಗಳಲ್ಲಿ 3ನೆಯದು ಮತ್ತು 18ನೆಯದು ಹೇಳುವುದು ಇದನ್ನೇ. ಕೊರತೆಯ ನೋವು ಒಮ್ಮೆ ಹೋಯಿತೆಂದರೆ ದೇಹದ ಸುಖ ಹೆಚ್ಚುವುದಿಲ್ಲ, ಬಗೆ ಬದಲಾಗುತ್ತದೆ ಅಷ್ಟೆ. ಹಸಿದವನು ಬಾರ್ಲಿ ರೊಟ್ಟಿ ತಿಂದು ಹಸಿವು ತೀರಿಸಿಕೊಂಡ. ಅದರ ಮೇಲೆ ತುಪ್ಪ ಸುರಿದರೆ ರುಚಿ ಬೇರೆಯಾದೀತು. ತೀರಿದ ಹಸಿವು ಇನ್ನಷ್ಟು ತೀರುವುದಿಲ್ಲ. ಇದೊಂದನ್ನು ಕೈಯಲ್ಲಿ ಹಿಡಿದುಕೊಂಡರೆ ಅವನ ಬದುಕೂ ಅರ್ಥವಾಗುತ್ತದೆ, ಅವನಿಗೆ ಅಂಟಿದ ಕೆಟ್ಟ ಹೆಸರೂ ಅರ್ಥವಾಗುತ್ತದೆ.

ಹುಟ್ಟಿದ್ದು ಕ್ರಿ.ಪೂ. 341ರಲ್ಲಿ, ಏಜಿಯನ್ ಸಮುದ್ರದ ಸಾಮೋಸ್ ದ್ವೀಪದಲ್ಲಿ. ತಂದೆ ನಿಯೋಕ್ಲೀಸ್ ಶಾಲೆಯ ಮೇಷ್ಟ್ರು, ಅಥೆನ್ಸ್ ನಗರ ಜಮೀನು ಕೊಟ್ಟು ಆ ದ್ವೀಪದಲ್ಲಿ ನೆಲೆಗೊಳಿಸಿದ ನಾಗರಿಕರಲ್ಲಿ ಒಬ್ಬ. ಹೀಗಾಗಿ ಮಗನಿಗೆ ಅಥೆನ್ಸಿನ ಪೌರತ್ವ ಹುಟ್ಟಿನಿಂದಲೇ ಇತ್ತು. ಇದು ಚಿಕ್ಕ ವಿಷಯವಲ್ಲ. ಹೊರಗಿನವನಾದ ಅರಿಸ್ಟಾಟಲನಿಗೆ ಅಥೆನ್ಸಿನಲ್ಲಿ ನೆಲ ಕೊಳ್ಳುವ ಹಕ್ಕಿರಲಿಲ್ಲ. ಎಪಿಕ್ಯೂರಸ್ ಮುಂದೆ ತೋಟ ಕೊಂಡದ್ದು ಈ ಪೌರತ್ವದ ಬಲದಿಂದ. 18 ತುಂಬಿದಾಗ ಎರಡು ವರ್ಷದ ಸೈನಿಕ ತರಬೇತಿಗೆಂದು ಅಥೆನ್ಸಿಗೆ ಬಂದ. ಹಾಸ್ಯ ನಾಟಕಕಾರ ಮೆನಾಂಡರ್ ಅದೇ ವರ್ಷದ ತಂಡದವನು. ಅದು ಕ್ರಿ.ಪೂ. 323, ಬ್ಯಾಬಿಲೋನಿನಲ್ಲಿ ಅಲೆಕ್ಸಾಂಡರ್ ಸತ್ತ ವರ್ಷ. ಅವನ ಸೇನಾನಿ ಪರ್ಡಿಕಾಸ್ ಸಾಮೋಸಿನಲ್ಲಿದ್ದ ಅಥೆನ್ಸಿನವರನ್ನೆಲ್ಲ ಹೊರದಬ್ಬಿದ. ನಿಯೋಕ್ಲೀಸನ ಸಂಸಾರ ಎದುರು ದಡದ ಕೊಲೊಫೋನ್ ಊರು ಸೇರಿತು. ಮನೆಮಠ ಕಳೆದುಕೊಂಡದ್ದರಿಂದಲೇ ನೆಮ್ಮದಿಯ ತತ್ತ್ವ ಹುಟ್ಟಿತು ಎಂದು ಬರೆಯುವವರಿದ್ದಾರೆ. ಅದು ಸುಲಭದ ಉತ್ತರ. ಆ ತಲೆಮಾರಿನಲ್ಲಿ ಮನೆ ಕಳೆದುಕೊಂಡವರು ಸಾವಿರಾರು ಮಂದಿ, ಎಪಿಕ್ಯೂರಸ್ ಆದವನು ಒಬ್ಬನೇ.

ಎಲ್ಲವೂ ಪರಮಾಣುಗಳಿಂದ ಆದದ್ದು ಎನ್ನುವ ಪರಮಾಣುವಾದ ಅವನಿಗೆ ಸಿಕ್ಕಿದ್ದು ಡೆಮಾಕ್ರಿಟಸನ ಪಂಥದ ನೌಸಿಫಾನೀಸನಿಂದ. ಆದರೆ ಆ ಋಣವನ್ನು ಒಪ್ಪಿಕೊಳ್ಳಲಿಲ್ಲ. ನಾನು ಸ್ವಂತವಾಗಿ ಕಲಿತವನು ಎನ್ನುತ್ತಿದ್ದ, ಗುರುವನ್ನು ‘ಜೆಲ್ಲಿ ಮೀನು’ ಎಂದು ಹಳಿದ ಎಂಬ ವರದಿಯೂ ಇದೆ. ನೆಮ್ಮದಿಯ ಬೋಧಕನಾದರೂ ನಾಲಿಗೆ ಮಾತ್ರ ಮೆಣಸಿನಕಾಯಿ. ಮಿಟಿಲೀನಿಯಲ್ಲಿ, ಆಮೇಲೆ ಲಾಂಪ್ಸಕಸಿನಲ್ಲಿ ಕೆಲವು ವರ್ಷ ಪಾಠ ಹೇಳಿ, ಕ್ರಿ.ಪೂ. 306ರ ಹೊತ್ತಿಗೆ ಶಿಷ್ಯರ ಜೊತೆ ಅಥೆನ್ಸಿಗೆ ಬಂದು ನೆಲೆಸಿದ.

ತೋಟಕ್ಕೆ ಅವನು ಕೊಟ್ಟ ಬೆಲೆ 80 ಮಿನಾ, ಅಂದರೆ 8,000 ದ್ರಾಕ್ಮಾ. ಎಲ್ಯೂಸಿಸ್ ದೇವಸ್ಥಾನದ ಲೆಕ್ಕಪತ್ರದ ಶಾಸನ ನೋಡಿದರೆ ಆ ಕಾಲದ ಸಾಧಾರಣ ಕೂಲಿ ದಿನಕ್ಕೆ ಒಂದೂವರೆ ದ್ರಾಕ್ಮಾ. ಒಂದು ದಿನವೂ ಬಿಡುವಿಲ್ಲದೆ ದುಡಿದರೆ ಹದಿನಾಲ್ಕೂವರೆ ವರ್ಷದ ಸಂಬಳ ಅದು. ಬಡತನದ ಪಂಥ ಅಲ್ಲವೇ ಅಲ್ಲ. ಊರೊಳಗೆ ಒಂದು ಮನೆ, ದಿಪೈಲಾನ್ ಬಾಗಿಲಿನಾಚೆ ಪ್ಲೇಟೋನ ಅಕಾಡೆಮಿಗೆ ಹೋಗುವ ದಾರಿಯಲ್ಲಿ ಈ ತೋಟ. ಪಂಥಕ್ಕೆ ‘ತೋಟ’ ಎಂದೇ ಹೆಸರು ಬಿತ್ತು. ಅಕಾಡೆಮಿಯಲ್ಲಿ ಊರಾಳುವ ಮನೆತನದ ಹುಡುಗರು ಹೆಚ್ಚು. ಇಲ್ಲಿ ಹೆಂಗಸರೂ ಆಳುಗಳೂ ಸರಿಸಮ ಕೂತು ಚರ್ಚೆ ಮಾಡುತ್ತಿದ್ದರು. ಲಿಯಾಂಟಿಯನ್ ಎಂಬಾಕೆ ಅರಿಸ್ಟಾಟಲನ ಶಿಷ್ಯ ಥಿಯೋಫ್ರಾಸ್ಟಸನ ವಿರುದ್ಧವೇ ಪುಸ್ತಕ ಬರೆದಳು. ಮಿಸ್ ಎಂಬ ಗುಲಾಮ ತತ್ತ್ವಶಾಸ್ತ್ರದಲ್ಲಿ ಹೆಸರು ಮಾಡಿದ, ಎಪಿಕ್ಯೂರಸ್ ತನ್ನ ಉಯಿಲಿನಲ್ಲಿ ಅವನಿಗೆ ಬಿಡುಗಡೆ ಕೊಟ್ಟ. ಒಟ್ಟಿಗೆ ಬದುಕಿದರೂ ಆಸ್ತಿಯನ್ನು ಒಟ್ಟುಗೂಡಿಸಲಿಲ್ಲ, ಇದನ್ನು ಗಮನಿಸಿ. ಪೈಥಾಗೊರಸನ ಪಂಥದಲ್ಲಿ ಎಲ್ಲವೂ ಎಲ್ಲರದು. ಎಪಿಕ್ಯೂರಸ್ ಅದನ್ನು ಬೇಡವೆಂದ: ಗೆಳೆಯರಲ್ಲಿ ನಂಬಿಕೆ ಇದ್ದರೆ ಗಂಟು ಒಂದೇ ಕಡೆ ಇಡುವ ಅಗತ್ಯ ಏಕೆ ಬರುತ್ತದೆ?

ಈಗ ಊಟದ ವಿಚಾರ. ಅಲ್ಲಿ ಸಿಗುತ್ತಿದ್ದದ್ದು ಬಾರ್ಲಿ ಗಂಜಿ, ರೊಟ್ಟಿ, ನೀರು. ಕೆಲವರು ಒಂದು ಸಣ್ಣ ಬಟ್ಟಲು ದ್ರಾಕ್ಷಾರಸ ಸಾಕೆನ್ನುತ್ತಿದ್ದರು. ಗಂಜಿ, ನೀರಿನ ಮಾತನ್ನು ಹೇಳುವವನು ಶಿಷ್ಯನಲ್ಲ, ಎದುರು ಪಂಥವಾದ ಸ್ಟೋಯಿಕರ ಸೆನೆಕಾ, ಅದಕ್ಕೇ ಈ ಸಾಕ್ಷಿಗೆ ತೂಕ ಹೆಚ್ಚು. ತೋಟದ ಬಾಗಿಲಲ್ಲಿ ‘ಸುಖವೇ ಇಲ್ಲಿ ಪರಮ ಗುರಿ’ ಎಂಬ ಫಲಕ, ಒಳಗೆ ಹೋದರೆ ಅಂಬಲಿ ಮತ್ತು ನೀರಿನ ಸತ್ಕಾರ ಎಂದು ಆತ ಬರೆಯುತ್ತಾನೆ. ಆಗಾಗ ಎಪಿಕ್ಯೂರಸ್ ಬೇಕೆಂದೇ ಅರೆಹೊಟ್ಟೆಯ ದಿನಗಳನ್ನು ಇಟ್ಟುಕೊಂಡು, ಎಷ್ಟು ಕಡಿಮೆಯಲ್ಲಿ ಸುಖ ತುಂಬುತ್ತದೆ, ಎಷ್ಟು ಕೊರೆ ಉಳಿಯುತ್ತದೆ ಎಂದು ಅಳೆಯುತ್ತಿದ್ದನಂತೆ. ನನ್ನ ಊಟ ಒಂದು ಓಬೊಲಿಗಿಂತ ಕಡಿಮೆಯಲ್ಲಿ ಆಗುತ್ತದೆ, ಆಪ್ತ ಶಿಷ್ಯ ಮೆಟ್ರೊಡೋರಸ್ ಇನ್ನೂ ಅಷ್ಟು ಪಳಗಿಲ್ಲ, ಅವನಿಗೆ ಪೂರ್ತಿ ಒಂದು ಓಬೊಲ್ ಬೇಕು ಎಂದು ಕಾಗದದಲ್ಲಿ ಲೆಕ್ಕ ಒಪ್ಪಿಸಿದ್ದಾನೆ. ಆರು ಓಬೊಲಿಗೆ ಒಂದು ದ್ರಾಕ್ಮಾ. ಹಾಗಾದರೆ ಒಬ್ಬ ಕೂಲಿಯ ದಿನದ ಸಂಬಳದ ಒಂಬತ್ತನೇ ಒಂದು ಪಾಲು. ಇನ್ನೊಂದು ಕಾಗದದಲ್ಲಿ ಗೆಳೆಯನಿಗೆ ‘ಒಂದು ಸಣ್ಣ ಗಡಿಗೆ ಚೀಸ್ ಕಳಿಸು, ಮನಸ್ಸು ಬಂದಾಗ ಹಬ್ಬ ಮಾಡುತ್ತೇನೆ’ ಎಂದು ಬರೆದ. ಭೋಗವಾದಿಯ ಹಬ್ಬ ಅದು.

ಈ ಅಭ್ಯಾಸ ಕೆಲಸಕ್ಕೆ ಬಂದ ದಿನವೂ ಬಂತು. ಕ್ರಿ.ಪೂ. 295–294ರಲ್ಲಿ ಡೆಮೆಟ್ರಿಯಸ್ ಎಂಬ ದೊರೆ ಅಥೆನ್ಸನ್ನು ಮುತ್ತಿ ಧಾನ್ಯದ ದಾರಿ ಮುಚ್ಚಿದ. ಒಂದು ಮೋಡಿಯಸ್ ಗೋಧಿ, ಅಂದರೆ ಒಂಬತ್ತು ಲೀಟರಿಗೂ ಕಡಿಮೆ ಅಳತೆ, 300 ದ್ರಾಕ್ಮಾಕ್ಕೆ ಏರಿತು. ಜಂತಿಯಿಂದ ಸತ್ತ ಇಲಿ ಬಿದ್ದಾಗ ಅದಕ್ಕಾಗಿ ತಂದೆ ಮಗ ಹೊಡೆದಾಡಿದರು ಎಂದು ಜೀವನಚರಿತ್ರೆಕಾರ ಪ್ಲುಟಾರ್ಕ್ ಬರೆಯುತ್ತಾನೆ. ಅದೇ ಪುಟದಲ್ಲಿ ಎಪಿಕ್ಯೂರಸ್ ಬರುತ್ತಾನೆ: ಅವರೆಯಂಥ ಕಾಳನ್ನು ಎಣಿಸಿ, ಎಲ್ಲರಿಗೂ ಸಮನಾಗಿ ಹಂಚಿ ತನ್ನ ಜೊತೆಯವರನ್ನು ಉಳಿಸಿಕೊಂಡನಂತೆ. ಪ್ಲುಟಾರ್ಕ್ ಈ ಪಂಥದ ಕಟ್ಟಾ ವಿರೋಧಿ. ಹಾಗಿದ್ದೂ ಇದನ್ನು ಬರೆದಿಟ್ಟ.

ಹಾಗಾದರೆ ಅವನು ಸನ್ಯಾಸಿಯೇ? ಅಲ್ಲ. ಭೋಗವಾದಿ ಎಂದು ತಿಳಿದದ್ದು ಒಂದು ತಪ್ಪಾದರೆ ಇದು ಅದರ ಮಗ್ಗುಲಿನ ಇನ್ನೊಂದು ತಪ್ಪು. ಮೆನೋಯ್ಕಿಯಸ್ ಎಂಬವನಿಗೆ ಬರೆದ ಕಾಗದದಲ್ಲಿ ಮಾತು ಸ್ಪಷ್ಟ: ಯಾವಾಗಲೂ ಕಡಿಮೆಯಲ್ಲೇ ಇರಬೇಕು ಅಂತಲ್ಲ, ಹೆಚ್ಚು ಸಿಗದಿದ್ದಾಗ ಕಡಿಮೆ ಸಾಕೆನಿಸಬೇಕು, ಐಷಾರಾಮ ಬೇಕೇಬೇಕು ಎನ್ನದವನೇ ಅದನ್ನು ಚೆನ್ನಾಗಿ ಸವಿಯುತ್ತಾನೆ. ಮಿತವ್ಯಯಕ್ಕೂ ಒಂದು ಮಿತಿ ಇದೆ, ಅದನ್ನು ಮೀರಿದವನೂ ದುಂದುಗಾರನಷ್ಟೇ ಕೆಡುತ್ತಾನೆ ಎಂದು ಇನ್ನೊಂದು ಸೂಕ್ತಿ.

ಅವನ ಬೋಧನೆಯಲ್ಲಿ ಕೈಗೆ ಹತ್ತುವ ಭಾಗ ಆಸೆಗಳ ವಿಂಗಡಣೆ. ಬೇಕೆನಿಸಿದ್ದನ್ನು ಮೂರು ಗುಂಪಿಗೆ ಹಾಕಬೇಕು. ಸಹಜವೂ ಹೌದು, ಅಗತ್ಯವೂ ಹೌದು: ಬಾಯಾರಿದಾಗ ನೀರು. ಸಹಜ, ಆದರೆ ಅಗತ್ಯವಲ್ಲ: ದುಬಾರಿ ಅಡುಗೆ. ಎರಡೂ ಅಲ್ಲ: ತಲೆಗೆ ಕಿರೀಟ, ಊರಲ್ಲಿ ತನ್ನ ಪ್ರತಿಮೆ. ಈ ಮೂರು ಉದಾಹರಣೆಗಳು ಪ್ರಾಚೀನ ಟಿಪ್ಪಣಿಯವೇ. ಅಗತ್ಯ ಎಂಬುದನ್ನೂ ಮತ್ತೆ ಮೂರಾಗಿ ಒಡೆದಿದ್ದಾನೆ: ಜೀವ ಉಳಿಯಲು ಬೇಕಾದದ್ದು, ದೇಹಕ್ಕೆ ಬಾಧೆಯಿಲ್ಲದಿರಲು ಬೇಕಾದದ್ದು, ಸಂತೋಷಕ್ಕೆ ಬೇಕಾದದ್ದು. ಗೆಳೆತನ ಬರುವುದು ಕೊನೆಯದರಲ್ಲಿ. ಈ ಪಟ್ಟಿಯನ್ನು ವಸ್ತುಗಳ ಪಟ್ಟಿ ಎಂದುಕೊಂಡವರು ಇಲ್ಲೇ ಕೆಡುತ್ತಾರೆ, ‘ಮೊಬೈಲು ಯಾವ ಗುಂಪು?’ ಎಂದು ಕೇಳುತ್ತಾರೆ. ಗುಂಪು ವಸ್ತುವಿಗಲ್ಲ, ಆಸೆಗೆ. ಮೂರನೇ ಗುಂಪಿನ ಗುರುತು ಒಂದೇ: ಅಂಥ ಆಸೆಗೆ ಸ್ವಭಾವದಲ್ಲೇ ಕೊನೆಯಿಲ್ಲ. ಹಸಿವಿಗೆ ‘ಸಾಕು’ ಎಂಬ ಮಾತು ಗೊತ್ತು, ಹೆಸರಿನ ಹಂಬಲಕ್ಕೆ ಗೊತ್ತಿಲ್ಲ. ಪರೀಕ್ಷೆಗೆ ಅವನು ಕೊಟ್ಟ ಪ್ರಶ್ನೆಯೂ ಚಿಕ್ಕದು, ಪ್ರತಿ ಆಸೆಗೂ ಅದನ್ನು ಹಾಕಬೇಕು: ಇದು ಈಡೇರಿದರೆ ನನಗೆ ಏನಾಗುತ್ತದೆ, ಈಡೇರದಿದ್ದರೆ ಏನಾಗುತ್ತದೆ? ಎರಡನೆಯದಕ್ಕೆ ‘ನೋವೇನೂ ಆಗುವುದಿಲ್ಲ’ ಎಂಬ ಉತ್ತರ ಬಂದರೆ ಆ ಆಸೆ ಅಗತ್ಯದ್ದಲ್ಲ.

ಇದರ ಬೆನ್ನಿಗೆ ಒಂದು ಲೆಕ್ಕಾಚಾರ. ಎಲ್ಲ ಸುಖವೂ ಒಳ್ಳೆಯದೇ, ಆದರೆ ಎಲ್ಲ ಸುಖವನ್ನೂ ಆರಿಸಿಕೊಳ್ಳಬಾರದು. ದೊಡ್ಡ ನೋವು ತರುವ ಸುಖವನ್ನು ಬಿಡಬೇಕು, ದೊಡ್ಡ ಸುಖ ತರುವ ನೋವನ್ನು ಹೊರಬೇಕು. ಮೇಷ್ಟ್ರು ಹೇಳಿದ ತುಪ್ಪವನ್ನು ಈ ತಕ್ಕಡಿಯಲ್ಲಿಟ್ಟು ನೋಡಿ. ಒಂದು ಕಡೆ ನಾಲಿಗೆಯ ಮೇಲೆ ಎರಡು ನಿಮಿಷ, ಇನ್ನೊಂದು ಕಡೆ ಸಾಲಗಾರ ಬಾಗಿಲು ತಟ್ಟುವವರೆಗಿನ ರಾತ್ರಿಗಳು. ಎಪಿಕ್ಯೂರಸ್ ತುಪ್ಪ ಬಿಡುತ್ತಾನೆ, ನೀತಿಯ ಕಾರಣಕ್ಕಲ್ಲ, ಸುಖದ ಕಾರಣಕ್ಕೇ.

ಮುಂದೆ ಅವನ ಪಂಥದ ಫಿಲೊಡೀಮಸ್ ಇಡೀ ಬೋಧನೆಯನ್ನು ನಾಲ್ಕು ಸಾಲಿಗೆ ಇಳಿಸಿದ: ದೇವರಿಗೆ ಹೆದರಬೇಡ, ಸಾವಿಗೆ ಚಿಂತಿಸಬೇಡ, ಒಳ್ಳೆಯದು ಸುಲಭವಾಗಿ ಸಿಗುತ್ತದೆ, ಕೆಟ್ಟದ್ದನ್ನು ಸುಲಭವಾಗಿ ತಾಳಬಹುದು. ಇದಕ್ಕೆ ‘ಚತುರೌಷಧ’ ಎಂದು ಹೆಸರು. ಆ ಹೆಸರು ಬಂದದ್ದು ಮೇಣ, ಕೊಬ್ಬು, ರಾಳ, ಮರದ ಡಾಂಬರು ನಾಲ್ಕನ್ನೂ ಬೆರೆಸಿ ಗಾಯಕ್ಕೆ ಹಚ್ಚುತ್ತಿದ್ದ ಗ್ರೀಕ್ ಮುಲಾಮಿನಿಂದ. ಸಾವಿನ ಮಾತು ಹೆಚ್ಚು ಪ್ರಸಿದ್ಧ: ನಾವಿರುವಾಗ ಸಾವು ಇಲ್ಲ, ಸಾವು ಬಂದಾಗ ನಾವಿಲ್ಲ. ಇದನ್ನು ಸಮಾಧಾನದ ಮಾತು ಎಂದು ಓದಬೇಡಿ, ತರ್ಕ ಎಂದು ಓದಿ. ಒಳ್ಳೆಯದು ಕೆಟ್ಟದ್ದು ಎರಡೂ ಅನುಭವದಲ್ಲಿ ಇರುವುದು. ಸಾವು ಅನುಭವದ ಕೊನೆ. ಆದ್ದರಿಂದ ಸತ್ತವನಿಗೆ ಅದು ಕೆಟ್ಟದ್ದಾಗಲಾರದು. ಇದರ ವ್ಯಾಪ್ತಿಯೂ ಅಷ್ಟೇ. ಸಾಯುವಾಗಿನ ನೋವಿನ ಭಯಕ್ಕೆ, ಹತ್ತಿರದವರನ್ನು ಕಳೆದುಕೊಂಡ ದುಃಖಕ್ಕೆ ಈ ಮದ್ದು ತಾಗುವುದಿಲ್ಲ. ತಾಗುತ್ತದೆ ಎಂದು ಯಾರಿಗಾದರೂ ಉಪದೇಶಿಸಿದರೆ ಬೈಸಿಕೊಳ್ಳುತ್ತೀರಿ. ನೋವಿಗೆ ಅವನ ಉತ್ತರ ನಾಲ್ಕನೆಯ ಮದ್ದು: ತೀವ್ರವಾದ ನೋವು ಬೇಗ ಮುಗಿಯುತ್ತದೆ, ಬಹಳ ಕಾಲದ ನೋವಿನಲ್ಲಿ ಸುಖಕ್ಕೂ ಜಾಗ ಉಳಿಯುತ್ತದೆ. ನಾಲ್ಕರಲ್ಲಿ ದುರ್ಬಲವಾದದ್ದು ಇದೇ. ತೀವ್ರವೂ ದೀರ್ಘವೂ ಆದ ನೋವನ್ನು ಯಾವ ಆಸ್ಪತ್ರೆಯಲ್ಲಾದರೂ ನೋಡಬಹುದು.

ಅವನಿಗೇ ಆ ಪರೀಕ್ಷೆ ಬಂತು. ಕ್ರಿ.ಪೂ. 270ರ ಸುಮಾರಿಗೆ, 72ನೇ ವಯಸ್ಸಿನಲ್ಲಿ, ಮೂತ್ರದ ದಾರಿಯಲ್ಲಿ ಕಲ್ಲು ಕಟ್ಟಿ ಹದಿನಾಲ್ಕು ದಿನ ನರಳಿದ. ಕೊನೆಗೆ ಕಂಚಿನ ತೊಟ್ಟಿಯ ಬಿಸಿನೀರಿನಲ್ಲಿ ಕೂತು, ನೀರು ಬೆರೆಸದ ದ್ರಾಕ್ಷಾರಸ ತರಿಸಿ ಕುಡಿದು, ಹೇಳಿಕೊಟ್ಟದ್ದನ್ನು ಮರೆಯಬೇಡಿ ಎಂದು ಗೆಳೆಯರಿಗೆ ಹೇಳಿ ಹೋದ. ಆ ದಿನ ಗೆಳೆಯ ಇಡೊಮೆನಿಯಸನಿಗೆ ಬರೆದ ಕಾಗದ ಉಳಿದಿದೆ: ನೋವು ಇದಕ್ಕಿಂತ ಹೆಚ್ಚಾಗಲು ಸಾಧ್ಯವಿಲ್ಲ, ಆದರೂ ನಾವು ಆಡಿದ ಮಾತುಗಳ ನೆನಪಿನ ಸಂತೋಷ ಅದಕ್ಕೆ ಎದುರಾಗಿ ನಿಂತಿದೆ. ಮೆಟ್ರೊಡೋರಸನ ಮಕ್ಕಳನ್ನು ನೋಡಿಕೋ. ಉಯಿಲಿನಲ್ಲೂ ಅದೇ ಕಾಳಜಿ: ತೀರಿಹೋದ ಗೆಳೆಯನ ಮಗಳಿಗೆ ವಯಸ್ಸಿಗೆ ಬಂದಾಗ ಮದುವೆ ಮಾಡಬೇಕು, ಪ್ರತಿ ತಿಂಗಳ 20ನೇ ದಿನ ಎಲ್ಲರೂ ಸೇರಬೇಕು. ಈ ತಿಂಗಳ ಕೂಟ ಶತಮಾನಗಳ ಕಾಲ ನಡೆಯಿತು.

ಅವನ ಭೌತಶಾಸ್ತ್ರದಲ್ಲಿ ಬೆರಗಾಗುವಂಥದ್ದೂ ಇದೆ, ನಗು ಬರುವಂಥದ್ದೂ ಇದೆ. ಇರುವುದು ಪರಮಾಣು ಮತ್ತು ಶೂನ್ಯ ಎರಡೇ; ಲೋಕಗಳು ಲೆಕ್ಕವಿಲ್ಲದಷ್ಟು; ಶೂನ್ಯದಲ್ಲಿ ಭಾರದ ಪರಮಾಣುವೂ ಹಗುರದ್ದೂ ಒಂದೇ ವೇಗದಲ್ಲಿ ಹೋಗುತ್ತವೆ. ಕೊನೆಯದು ಭಾರವಾದದ್ದು ಬೇಗ ಬೀಳುತ್ತದೆ ಎಂದ ಅರಿಸ್ಟಾಟಲನಿಗೆ ನೇರ ಎದುರು, ಮತ್ತು ಸರಿ. ಅದೇ ಮನುಷ್ಯ, ಸೂರ್ಯ ಕಣ್ಣಿಗೆ ಕಾಣುವಷ್ಟೇ ದೊಡ್ಡದು, ಸ್ವಲ್ಪ ಹೆಚ್ಚುಕಡಿಮೆ ಇರಬಹುದು ಎಂದೂ ಹೇಳಿದ. ಅವನ ಹುಟ್ಟೂರು ಸಾಮೋಸಿನವನೇ ಆದ ಕಿರಿಯ ಸಮಕಾಲೀನ ಅರಿಸ್ಟಾರ್ಕಸ್ ರೇಖಾಗಣಿತ ಹಾಕಿ ಸೂರ್ಯನ ವ್ಯಾಸ ಭೂಮಿಯದಕ್ಕಿಂತ ಆರೇಳು ಪಟ್ಟು ಎಂದು ತೋರಿಸಿದ. ಅದೂ ಕಡಿಮೆಯೇ, ಆದರೆ ದಾರಿ ಸರಿಯಾಗಿತ್ತು. ಎಪಿಕ್ಯೂರಸ್ ಎಡವಿದ್ದಕ್ಕೆ ಕಾರಣ ಅವನ ಗುರಿಯಲ್ಲೇ ಇದೆ. ಸಿಡಿಲು, ಗ್ರಹಣ ದೇವರ ಕೋಪವಲ್ಲ ಎಂದು ತಿಳಿದು ಭಯ ಹೋದರೆ ಸಾಕು, ಹಲವು ಸಹಜ ಕಾರಣಗಳಲ್ಲಿ ಯಾವುದಾದರೂ ಆಗಬಹುದು ಎಂದು ಬಿಟ್ಟುಬಿಡುತ್ತಿದ್ದ. ಭಯ ಹೋದ ಮೇಲೆ ಅಳೆಯುವ ಹಟ ಯಾಕೆ? ಗಣಿತಜ್ಞನಾಗಿದ್ದ ಪಾಲಿಯೀನಸ್ ಈ ಪಂಥಕ್ಕೆ ಸೇರಿದ ಮೇಲೆ ರೇಖಾಗಣಿತವೆಲ್ಲ ಸುಳ್ಳು ಎಂದನಂತೆ. ರೋಮಿನ ಲೇಖಕ ಸಿಸೆರೊ ಇದನ್ನು ಚುಚ್ಚಿ ಬರೆದಿದ್ದಾನೆ, ಚುಚ್ಚಿದ್ದು ನ್ಯಾಯವೇ.

ಇನ್ನು ಚಾರ್ವಾಕರು. ಹೋಲಿಕೆ ಇಲ್ಲವೆಂದಲ್ಲ: ಆತ್ಮ ದೇಹದ ಜೊತೆಗೇ ಮುಗಿಯುತ್ತದೆ, ಪರಲೋಕವಿಲ್ಲ ಎಂದು ಇಬ್ಬರೂ ಹೇಳುತ್ತಾರೆ. ಆದರೆ ತುಪ್ಪದ ಶ್ಲೋಕ ನಮಗೆ ಸಿಕ್ಕಿದ್ದು ಎಲ್ಲಿಂದ ನೋಡಿ. ಅದು ಪ್ರಸಿದ್ಧವಾದದ್ದು 14ನೇ ಶತಮಾನದ ವಿಜಯನಗರದಲ್ಲಿ, ಮಾಧವಾಚಾರ್ಯರ ಹೆಸರಿನಲ್ಲಿ ಬಂದ ‘ಸರ್ವದರ್ಶನಸಂಗ್ರಹ’ದ ಮೊದಲ ಅಧ್ಯಾಯದಿಂದ. ಅದು ಚಾರ್ವಾಕರ ಗ್ರಂಥವಲ್ಲ. ಅವರನ್ನು ಮೊದಲ ಮೆಟ್ಟಿಲಿಗೆ ನಿಲ್ಲಿಸಿ ಅದ್ವೈತದವರೆಗೆ ಏರಿಹೋಗುವ ಗ್ರಂಥ. ಅದರಲ್ಲೇ ಈ ಶ್ಲೋಕದ ಎರಡು ಪಾಠಗಳಿವೆ. ಅಧ್ಯಾಯದ ಆರಂಭದಲ್ಲಿ ‘ಯಾವಜ್ಜೀವಂ ಸುಖಂ ಜೀವೇನ್ನಾಸ್ತಿ ಮೃತ್ಯೋರಗೋಚರಃ’, ಬದುಕಿರುವಷ್ಟು ದಿನ ಸುಖವಾಗಿ ಬದುಕು, ಸಾವಿನ ಕಣ್ಣು ತಪ್ಪಿಸಿಕೊಂಡವರಿಲ್ಲ. ಕೊನೆಯಲ್ಲಿ ಎರಡನೇ ಅರ್ಧ ಜಾರಿಹೋಗಿ ‘ಋಣಂ ಕೃತ್ವಾ ಘೃತಂ ಪಿಬೇತ್’ ಬಂದು ಕೂತಿದೆ. ಸಾಲದ ತುಪ್ಪ ವಿರೋಧಿಗಳು ಬಡಿಸಿದ್ದು ಎಂಬ ವಿದ್ವಾಂಸರ ವಾದ ನನಗೆ ಒಪ್ಪಿಗೆ. ಅಲ್ಲಿಗೆ ಎಪಿಕ್ಯೂರಸನಿಗೂ ಚಾರ್ವಾಕರಿಗೂ ನಿಜವಾದ ಸಾಮ್ಯ ಒಂದು ಸಿಕ್ಕಿತು: ಇಬ್ಬರ ಹೆಸರನ್ನೂ ಬರೆದವರು ಎದುರಾಳಿಗಳು.

ವ್ಯತ್ಯಾಸಗಳು ಇದಕ್ಕಿಂತ ದೊಡ್ಡವು. ಆ ಗ್ರಂಥದ ಚಾರ್ವಾಕನಿಗೆ ಪ್ರತ್ಯಕ್ಷವೊಂದೇ ಪ್ರಮಾಣ, ಅನುಮಾನ (ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವುದು) ಸಲ್ಲದು. ಕಾಣದ ಪರಮಾಣುವನ್ನು ಕಾಣುವುದರಿಂದ ಊಹಿಸುವ ಎಪಿಕ್ಯೂರಸನ ಭೌತಶಾಸ್ತ್ರ ಪೂರ್ತಿ ನಿಂತಿರುವುದು ಅನುಮಾನದ ಮೇಲೆ. ಸುಖದ ಜೊತೆ ದುಃಖ ಬೆರೆತಿದ್ದರೆ ಬಿಡಬೇಡ, ಮೀನು ಬೇಕಾದವನು ಮುಳ್ಳಿನ ಸಮೇತ ತರುತ್ತಾನೆ, ಜಿಂಕೆ ಮೇಯುತ್ತದೆಂದು ಬತ್ತ ಬಿತ್ತದೆ ಇರುತ್ತಾರೆಯೇ ಎನ್ನುತ್ತಾನೆ ಚಾರ್ವಾಕ. ಸೊಗಸಾದ ಮಾತು. ಎಪಿಕ್ಯೂರಸ್ ಮುಳ್ಳು ಎಷ್ಟು, ಮೀನು ಎಷ್ಟು ಎಂದು ಮೊದಲು ತೂಗುತ್ತಾನೆ. ಚಾರ್ವಾಕನಿಗೆ ದೇವರಿಲ್ಲ, ಎಪಿಕ್ಯೂರಸನಿಗೆ ದೇವರುಗಳಿದ್ದಾರೆ, ಪರಮಸುಖಿಗಳಾಗಿದ್ದಾರೆ, ಅದಕ್ಕೇ ನಮ್ಮ ಗೊಡವೆಗೆ ಬರುವುದಿಲ್ಲ. ಪರಮಾಣು ಎಂದ ಕೂಡಲೇ ವೈಶೇಷಿಕ ದರ್ಶನದ ಕಣಾದನನ್ನೂ ಎಳೆದು ತರುತ್ತಾರೆ. ವೈಶೇಷಿಕರ ಪೃಥ್ವಿ ಪರಮಾಣುವಿಗೆ ಗಂಧವಿದೆ. ಎಪಿಕ್ಯೂರಸನ ಪರಮಾಣುವಿಗೆ ಆಕಾರ, ಗಾತ್ರ, ತೂಕ ಬಿಟ್ಟರೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಕೆಟ್ಟ ಹೆಸರು ಶುರುವಾದದ್ದು ಅವನು ಬದುಕಿದ್ದಾಗಲೇ. ಮೆಟ್ರೊಡೋರಸನ ಸೋದರ ಟಿಮೊಕ್ರಟೀಸ್ ಜಗಳವಾಡಿ ತೋಟ ಬಿಟ್ಟು, ಅವನು ಅತಿಯಾಗಿ ತಿಂದು ದಿನಕ್ಕೆರಡು ಸಲ ವಾಂತಿ ಮಾಡುತ್ತಾನೆ ಎಂದು ಬರೆದ. ಡಯೊಟಿಮಸ್ ಎಂಬ ಸ್ಟೋಯಿಕ ಐವತ್ತು ಅಶ್ಲೀಲ ಕಾಗದಗಳನ್ನು ತಾನೇ ಬರೆದು ಎಪಿಕ್ಯೂರಸನ ಹೆಸರಿನಲ್ಲಿ ಹಂಚಿದ. ಯೆಹೂದಿ ಧರ್ಮಗ್ರಂಥ ಮಿಶ್ನಾದಲ್ಲಿ ‘ಅಪಿಕೋರೋಸ್’ ಎಂಬುದು ಪರಲೋಕದಲ್ಲಿ ಪಾಲಿಲ್ಲದ ನಾಸ್ತಿಕನಿಗೆ ಹೆಸರಾಯಿತು. ಇಟಲಿಯ ಕವಿ ಡಾಂಟೆ ಅವನನ್ನೂ ಶಿಷ್ಯರನ್ನೂ ನರಕದ ಉರಿವ ಗೋರಿಗಳಲ್ಲಿ ಮಲಗಿಸಿದ. ರೋಮಿನ ಚಕ್ರವರ್ತಿ ಜೂಲಿಯನ್ ಈ ಪಂಥದ ಪುಸ್ತಕಗಳು ಹೆಚ್ಚುಕಡಿಮೆ ನಾಶವಾಗಿರುವುದು ದೇವರ ದಯೆ ಎಂದ. ಆ ಮಾತು ನಿಜಕ್ಕೆ ಹತ್ತಿರ. ಎಪಿಕ್ಯೂರಸ್ ಬರೆದ ಸುರುಳಿಗಳು ಸುಮಾರು 300. ಪೂರ್ತಿಯಾಗಿ ಉಳಿದದ್ದು ಮೂರು ಕಾಗದ, ನಲವತ್ತು ಸೂತ್ರ. ಅವೂ ಉಳಿದದ್ದು ಡಯೋಜಿನೀಸ್ ಲೇಯರ್ಷಿಯಸ್ ಎಂಬ ಜೀವನಚರಿತ್ರೆಕಾರ ತನ್ನ ಗ್ರಂಥದ ಹತ್ತನೇ ಭಾಗದಲ್ಲಿ ಅವುಗಳನ್ನು ಹಾಗೇ ಇಳಿಸಿಕೊಂಡದ್ದರಿಂದ.

ಆದರೂ ಅವನು ಹೋದ ದೂರ ಕಡಿಮೆಯೇನಲ್ಲ. ರೋಮಿನಲ್ಲಿ ಅನುಯಾಯಿಗಳು ಅವನ ಮುಖವನ್ನು ಬಟ್ಟಲ ಮೇಲೆ, ಉಂಗುರದ ಮೇಲೆ ಕೆತ್ತಿಸಿಕೊಳ್ಳುತ್ತಿದ್ದರು. ಜೂಲಿಯಸ್ ಸೀಸರನನ್ನು ಕೊಂದ ಕ್ಯಾಸಿಯಸ್ ಕೂಡ ಈ ಪಂಥದವನು, ‘ಮರೆಯಲ್ಲಿ ಬದುಕು’ ಎಂಬ ಗುರುವಿನ ಮಾತನ್ನು ಅಷ್ಟು ಚೆನ್ನಾಗಿ ಪಾಲಿಸಿದ! ರೋಮಿನ ಕವಿ ಲುಕ್ರೀಷಿಯಸ್ ಕ್ರಿ.ಪೂ. 1ನೇ ಶತಮಾನದಲ್ಲಿ ಇಡೀ ಪರಮಾಣುವಾದವನ್ನು 7,400ರಷ್ಟು ಸಾಲುಗಳ ಲ್ಯಾಟಿನ್ ಕಾವ್ಯವಾಗಿಸಿದ. ಪರಮಾಣು ತನ್ನ ದಾರಿಯಿಂದ ಕೂದಲೆಳೆಯಷ್ಟು ಓರೆಯಾಗುತ್ತದೆ ಎಂಬ ಹೆಸರಾಂತ ಸಿದ್ಧಾಂತ ನಮಗೆ ವಿವರವಾಗಿ ಸಿಗುವುದು ಈ ಕಾವ್ಯದಲ್ಲೇ. ಮರೆತುಹೋಗಿದ್ದ ಆ ಕಾವ್ಯವನ್ನು 1417ರಲ್ಲಿ ಇಟಲಿಯ ವಿದ್ವಾಂಸ ಪೊಜ್ಜೊ ಬ್ರಾಚ್ಚೊಲಿನಿ ಹುಡುಕಿ ನಕಲು ಮಾಡಿಸಿದ. 17ನೇ ಶತಮಾನದಲ್ಲಿ ಫ್ರಾನ್ಸಿನ ಪಾದ್ರಿ ಗಾಸೆಂಡಿ ಪರಮಾಣುವನ್ನು ದೇವರು ಸೃಷ್ಟಿಸಿದ ಎಂದು ತಿದ್ದುಪಡಿ ಹಾಕಿ ಕ್ರೈಸ್ತರಿಗೆ ಒಪ್ಪಿಸಿದ. ರಸಾಯನಶಾಸ್ತ್ರದ ರಾಬರ್ಟ್ ಬಾಯ್ಲ್‌ವರೆಗೆ ಆ ಎಳೆ ಸಾಗಿತು. ಅಮೆರಿಕದ ಅಧ್ಯಕ್ಷನಾಗಿದ್ದ ಜೆಫರ್ಸನ್ 1819ರ ಕಾಗದದಲ್ಲಿ ನಾನೂ ಎಪಿಕ್ಯೂರಸನವನೇ ಎಂದು ಬರೆದ. ಕಾರ್ಲ್ ಮಾರ್ಕ್ಸ್ 1841ರಲ್ಲಿ ಡಾಕ್ಟರೇಟ್ ಪಡೆದದ್ದು ಡೆಮಾಕ್ರಿಟಸ್ ಮತ್ತು ಎಪಿಕ್ಯೂರಸರ ಪ್ರಕೃತಿ ತತ್ತ್ವಗಳ ವ್ಯತ್ಯಾಸದ ಮೇಲೆ.

ಪ್ರಭಾವದ ಎರಡು ಕುರುಹುಗಳನ್ನು ಪ್ರತ್ಯೇಕವಾಗಿ ಹೇಳಬೇಕು. ಈಗಿನ ಟರ್ಕಿಯ ನೈಋತ್ಯದ ಬೆಟ್ಟಸಾಲಿನಲ್ಲಿ ಓಯ್ನೋಅಂಡ ಎಂಬ ಹಾಳೂರಿದೆ. ಕ್ರಿ.ಶ. 2ನೇ ಶತಮಾನದಲ್ಲಿ ಅಲ್ಲಿನ ಡಯೋಜಿನೀಸ್ ಎಂಬ ಸಿರಿವಂತ, ವಯಸ್ಸಾಗಿ ದೇಹ ಸೋತ ಹೊತ್ತಿಗೆ, ಎಪಿಕ್ಯೂರಸನ ಬೋಧನೆಯನ್ನು ಊರಿನ ಕಂಬಸಾಲೆಯ ಗೋಡೆಯ ಮೇಲೆ ಕೆತ್ತಿಸಿದ, ಹಾದುಹೋಗುವ ಪರದೇಶಿಗೂ ಈ ಮದ್ದು ಸಿಗಲಿ ಎಂದು. ಸುಮಾರು 80 ಮೀಟರ್ ಉದ್ದ, 25,000 ಪದಗಳ ಅಂದಾಜು. 1884ರಲ್ಲಿ ಮೊದಲ ತುಂಡುಗಳು ಸಿಕ್ಕವು. ಇದುವರೆಗೆ ಸಿಕ್ಕ ಸುಮಾರು 300 ತುಂಡುಗಳಿಂದ ಕಾಲು ಭಾಗದಷ್ಟು ಮಾತ್ರ ಓದಲು ಬರುತ್ತದೆ.

ಇನ್ನೊಂದು ಇಟಲಿಯ ಹರ್ಕ್ಯುಲೇನಿಯಂ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ಅಲ್ಲಿನ ಒಂದು ದೊಡ್ಡ ಬಂಗಲೆಯ ಗ್ರಂಥಾಲಯ ಸುಟ್ಟು ಇದ್ದಿಲಾಯಿತು, ಇದ್ದಿಲಾದದ್ದರಿಂದಲೇ ಕೊಳೆಯದೆ ಉಳಿಯಿತು. 1752ರಿಂದ ಹೊರಬಂದ ಸುರುಳಿ ಮತ್ತು ಚೂರುಗಳು 1,800ಕ್ಕೂ ಹೆಚ್ಚು. ಹೆಚ್ಚಿನವು ಫಿಲೊಡೀಮಸನವು, ಎಪಿಕ್ಯೂರಸನ 37 ಭಾಗದ ‘ಪ್ರಕೃತಿಯ ಕುರಿತು’ ಗ್ರಂಥದ ಚೂರುಗಳೂ ಇವೆ. ಮೊದಮೊದಲು ಚಾಕುವಿನಿಂದ ಸೀಳಿ ಹಲವನ್ನು ಹಾಳುಮಾಡಿದರು. ಆಮೇಲೆ ಪಾದ್ರಿ ಪಿಯಾಜ್ಜೊ ರೇಷ್ಮೆ ದಾರದಿಂದ ತೂಗುಹಾಕಿ ದಿನಕ್ಕೆ ಕೆಲವೇ ಮಿಲಿಮೀಟರ್ ಬಿಡಿಸುವ ಯಂತ್ರ ಮಾಡಿದ. ಈಗ ಬಿಡಿಸದೆಯೇ ಓದುತ್ತಿದ್ದಾರೆ: ಎಕ್ಸ್-ರೇ ಸ್ಕ್ಯಾನಿನಲ್ಲಿ ಪದರಗಳನ್ನು ಬೇರ್ಪಡಿಸಿ, ಇದ್ದಿಲಿನ ಮೇಲಿನ ಇದ್ದಿಲು ಮಸಿಯನ್ನು ಕಂಪ್ಯೂಟರಿಗೆ ಗುರುತಿಸಲು ಕಲಿಸಿ. 2023ರ ಅಕ್ಟೋಬರಿನಲ್ಲಿ ‘ನೇರಳೆ’ ಎಂಬ ಅರ್ಥದ ಒಂದು ಗ್ರೀಕ್ ಪದ ಹೊರಬಂತು. 2024ರ ಫೆಬ್ರವರಿಯಲ್ಲಿ 2,000ಕ್ಕೂ ಹೆಚ್ಚು ಅಕ್ಷರ ಓದಿದ ಮೂವರು ಹುಡುಗರಿಗೆ ಏಳು ಲಕ್ಷ ಡಾಲರ್ ಬಹುಮಾನ ಸಿಕ್ಕಿತು. ಆ ಭಾಗದಲ್ಲಿ ಚರ್ಚೆಯಾಗಿರುವುದು ಏನು ಗೊತ್ತೇ? ಆಹಾರ ಅಪರೂಪವಾಗಿದ್ದರೆ ಅದರಿಂದ ಬರುವ ಸುಖ ಹೆಚ್ಚಾಗುತ್ತದೆಯೇ ಎಂಬುದು.

ಓದಲು ಶುರುಮಾಡುವುದಾದರೆ ಮೆನೋಯ್ಕಿಯಸನಿಗೆ ಬರೆದ ಕಾಗದ ಮೊದಲು. ಒಂದು ಕಾಫಿ ಕುಡಿಯುವ ಹೊತ್ತಿನಲ್ಲಿ ಮುಗಿಯುತ್ತದೆ. ಆಮೇಲೆ ನಲವತ್ತು ಸೂತ್ರ, ದಿನಕ್ಕೆ ಎರಡು ಮೂರರಂತೆ. ಮೊದಲ ನಾಲ್ಕನ್ನು ಬಾಯಿಪಾಠ ಮಾಡಿ. ಸಾರಾಂಶವನ್ನು ಕಂಠಸ್ಥ ಮಾಡಿಸುವುದು ಅವನದೇ ಪದ್ಧತಿ. ಮೂರನೆಯದಾಗಿ, 1888ರಲ್ಲಿ ವ್ಯಾಟಿಕನ್ನಿನ ಹಸ್ತಪ್ರತಿಯಲ್ಲಿ ಸಿಕ್ಕ 81 ಸೂಕ್ತಿಗಳು. ಹೆರೊಡೋಟಸನಿಗೆ ಬರೆದ ಕಾಗದ ಕೊನೆಗಿರಲಿ. ಅದು ಒತ್ತೊತ್ತಾಗಿ ತುರುಕಿದ ಪರಮಾಣುಶಾಸ್ತ್ರ, ಅದರಿಂದ ಶುರುಮಾಡಿದವರು ಎರಡನೇ ಪುಟಕ್ಕೇ ಪುಸ್ತಕ ಮುಚ್ಚುತ್ತಾರೆ. ಈ ಹೆರೊಡೋಟಸ್ ಇತಿಹಾಸಕಾರನಲ್ಲ, ಅದೇ ಹೆಸರಿನ ಶಿಷ್ಯ. ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಳ್ಳುವಾಗ ಅವನ ‘ಹೆಡೊನೆ’ಗೆ ‘ಭೋಗ’ ಎಂದು ಬರೆಯಬೇಡಿ. ‘ಸುಖ’ ಎಂದೇ ಬರೆಯಿರಿ, ‘ಅತರಾಕ್ಸಿಯಾ’ಕ್ಕೆ ‘ನೆಮ್ಮದಿ’ ಎನ್ನಿ. ನಮ್ಮ ‘ನೆಮ್ಮದಿ’ಯಲ್ಲಿ ಕಾಟವಿಲ್ಲದ ಸ್ಥಿತಿ ಎಂಬ ಅರ್ಥ ಮೊದಲೇ ಇದೆ, ಆ ಗ್ರೀಕ್ ಪದಕ್ಕೂ ಅದೇ ಅರ್ಥ.

ಅವನ ಹೆಸರಿನಲ್ಲಿ ಓಡಾಡುವ ಎರಡು ಮಾತುಗಳ ಬಗ್ಗೆ ಎಚ್ಚರವಿರಲಿ. ‘ಕೆಡುಕನ್ನು ತಡೆಯಲು ದೇವರಿಗೆ ಮನಸ್ಸಿಲ್ಲವೋ, ಶಕ್ತಿಯಿಲ್ಲವೋ?’ ಎಂಬ ಪ್ರಶ್ನೆ ಉಳಿದಿರುವ ಅವನ ಬರಹದಲ್ಲಿ ಎಲ್ಲೂ ಇಲ್ಲ. ಅವನದೆಂದು ಹೇಳಿದವನು ಅವನಿಗಿಂತ ಐದು ಶತಮಾನಕ್ಕೂ ಈಚಿನ ಕ್ರೈಸ್ತ ಲೇಖಕ ಲಾಕ್ಟಾಂಟಿಯಸ್. ‘ತಿನ್ನೋಣ, ಕುಡಿಯೋಣ, ನಾಳೆ ಸಾಯುತ್ತೇವಲ್ಲ’ ಎಂಬುದಂತೂ ಗ್ರೀಕರದ್ದೇ ಅಲ್ಲ. ಅದು ಬೈಬಲಿನ ಯೆಶಾಯನ ಗ್ರಂಥ, 22ನೇ ಅಧ್ಯಾಯ, 13ನೇ ವಚನ.